ಬೀರು ತೆಗೆದು ನೋಡಿ, ವೇಷ ಅಲ್ಲೇ ಇದೆ

(ಬೇಸಿಗೆ ರಜೆಯಲ್ಲಿ ಮೈಸೂರಿನ ಒಂದು ವಾಚನಾಲಯದಲ್ಲಿ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕಪ್ಪು ನೈಟಿ ಇದೆ? ನಾಚಿಕೊಳ್ಳಬೇಡಿ, ಕೈ ಎತ್ತಿ. ಬಣ್ಣ ಮಾಸಿದ್ದರೂ ನಡೆಯುತ್ತದೆ.

ಹಿಂದಿನ ಸಾಲಿನ ಹುಡುಗರು ಆಗಲೇ ನಗುತ್ತಿದ್ದಾರೆ. ನಾನು ಎಲ್ಲಿಗೆ ಹೊರಟಿದ್ದೇನೆ ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ. ಆ ನೈಟಿಗೆ ಎತ್ತರದ ಒಂದು ಕಾಲರ್, ಮೇಲೆ ಕೆಂಪು ಮೋಡಗಳು ಬಿದ್ದರೆ ಅದು ಅಕಾಟ್ಸುಕಿ ನಿಲುವಂಗಿ, ನರುಟೊ ಅನ್ನುವ ಜಪಾನಿ ಕಾರ್ಟೂನಿನಲ್ಲಿ ಖಳರ ಗುಂಪು ಹಾಕುವುದು. ನರುಟೊ ನೋಡಿದ ಯಾವ ಮಗುವೂ ಅದನ್ನು ದೂರದಿಂದಲೇ ಗುರುತು ಹಿಡಿಯುತ್ತದೆ. ಅಮ್ಮಂದಿರಿಗೆ ಮಾತ್ರ ಇದೇನು ಅಂತ ಗೊತ್ತಾಗುವುದಿಲ್ಲ. ಪರವಾಗಿಲ್ಲ, ಹೇಳುತ್ತೇನೆ.

ನಾನು ಹವ್ಯಾಸಿ ನಾಟಕಗಳಿಗೆ ಬಟ್ಟೆ ಹೊಲಿಯುವವಳು. ರಾಜನ ಅಂಗಿ, ಸೇವಕನ ಪಂಚೆ, ಕಾಡಿನಲ್ಲಿ ಬರುವ ರಾಕ್ಷಸನ ಕೂದಲು, ಎಲ್ಲವೂ ನನ್ನ ತಲೆನೋವು. ಕಾಸ್‌ಪ್ಲೇ ಅನ್ನುವುದು ನನ್ನ ಮನೆಗೆ ಬಂದದ್ದು ಮಗಳ ಜೊತೆ. ಕಥೆಯಲ್ಲಿ, ಕಾರ್ಟೂನ್‌ನಲ್ಲಿ, ಆಟದಲ್ಲಿ ಬರುವ ಒಂದು ಪಾತ್ರದ ಬಟ್ಟೆ ಹಾಕಿಕೊಳ್ಳುವುದು, ಸ್ವಲ್ಪ ಹೊತ್ತು ಆ ಪಾತ್ರದ ಹಾಗೇ ಇರುವುದು. ಇಷ್ಟೇ ವಿಷಯ.

ಇದು ಜಪಾನಿನಲ್ಲೇ ಹುಟ್ಟಿತು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಜಪಾನು ಅದನ್ನು ಬೆಳೆಸಿತು, ಹೆಸರು ಕೊಟ್ಟಿತು, ಅದು ನಿಜ. 1975ರಲ್ಲಿ ಟೋಕಿಯೊದಲ್ಲಿ ಶುರುವಾದ ಕಾಮಿಕೆಟ್ ಅನ್ನುವ ಕಾಮಿಕ್ಸ್ ಮೇಳಕ್ಕೆ ಜನ ವೇಷ ಹಾಕಿಕೊಂಡು ಬರುತ್ತಿದ್ದರು. ಆದರೆ ಅದಕ್ಕೂ ಮೊದಲು, 1939ರ ಜುಲೈನಲ್ಲಿ, ನ್ಯೂಯಾರ್ಕಿನಲ್ಲಿ ವಿಜ್ಞಾನ ಕಥೆ ಓದುವವರ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಅನ್ನುವ ಇಬ್ಬರು ಮುಂದಿನ ಕಾಲದ ಜನ ಹಾಕಬಹುದಾದಂಥ ಬಟ್ಟೆ ಹಾಕಿಕೊಂಡು ಬಂದರು. ಉಳಿದವರೆಲ್ಲ ಮಾಮೂಲಿ ಬಟ್ಟೆಯಲ್ಲಿದ್ದರು. ಇಬ್ಬರ ಬಟ್ಟೆಯನ್ನೂ ಯೋಚಿಸಿ ಹೊಲಿದವರು ಮಿರ್ಟಲ್. ಹೆಸರು ಮಾತ್ರ ಎಷ್ಟೋ ವರ್ಷ ಆಕರ್‌ಮನ್‌ಗೇ ಹೋಯಿತು. ಹೊಲಿಯುವವರ ಹಣೆಬರಹವೇ ಅಷ್ಟು ಬಿಡಿ.

ನಮ್ಮ ಕಡೆ ಕಾಮಿಕ್ ಕಾನ್, ಅಂದರೆ ಕಾಮಿಕ್ಸ್ ಮೆಚ್ಚುವವರ ಮೇಳ, 2011ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಮರುವರ್ಷವೇ ಬೆಂಗಳೂರಿಗೂ ಬಂತು. ಈಗ ಅಲ್ಲಿ ಕಾಣುವ ವೇಷಗಳನ್ನು ನೋಡಿದರೆ ತಲೆ ತಿರುಗುತ್ತದೆ. ಹೊಳೆಯುವ ಕವಚ, ಆಳೆತ್ತರದ ರೆಕ್ಕೆ, ದೀಪ ಹತ್ತುವ ಕಣ್ಣು. ಅದನ್ನು ಫೋಟೋದಲ್ಲಿ ನೋಡಿದ ಮಕ್ಕಳು ಇದು ನಮ್ಮ ಕೈಲಾಗುವ ಕೆಲಸ ಅಲ್ಲ ಅಂತ ಅಲ್ಲೇ ಕೈಬಿಡುತ್ತಾರೆ. ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಒಂದು ತೆಳ್ಳನೆಯ ಪಾಲಿಯೆಸ್ಟರ್ ಬಟ್ಟೆ ತರಿಸಿಕೊಳ್ಳುತ್ತಾರೆ. ಅದು ಬರುವುದು ಅಳತೆ ತಪ್ಪಿ, ಬಣ್ಣ ತಪ್ಪಿ. ನಾನು ಇವತ್ತು ಮಾತಾಡುವುದು ಈ ಎರಡಕ್ಕೂ ಸಂಬಂಧ ಇಲ್ಲದ ಮೂರನೆಯ ದಾರಿಯ ಬಗ್ಗೆ.

ಅದು ನಮಗೆ ಹೊಸದೇನೂ ಅಲ್ಲ. ಶಾಲೆಯ ಛದ್ಮವೇಷ ಸ್ಪರ್ಧೆ ನೆನಪಿದೆ ಅಲ್ವಾ? ಅಪ್ಪನ ಪಂಚೆ ಉಟ್ಟು, ಕೋಲು ಹಿಡಿದು, ದುಂಡು ಕನ್ನಡಕ ಇಟ್ಟರೆ ಗಾಂಧೀಜಿ. ಅಕ್ಕನ ಲಂಗದ ಮೇಲೆ ಒಂದು ಡಾಬು, ಕೈಗೆ ರಟ್ಟಿನ ಕತ್ತಿ ಕೊಟ್ಟರೆ ಕಿತ್ತೂರು ಚೆನ್ನಮ್ಮ. ಕೃಷ್ಣ ಜನ್ಮಾಷ್ಟಮಿಗೆ ಊರಿನ ಅರ್ಧ ಮಕ್ಕಳು ಕೃಷ್ಣ ಆಗುತ್ತಾರೆ. ಒಂದು ಹಳದಿ ಪಂಚೆ, ಒಂದು ನವಿಲುಗರಿ, ಒಂದು ಕೊಳಲು. ಯಾರಾದರೂ ಕೃಷ್ಣನನ್ನು ಗುರುತಿಸದೆ ಇರುತ್ತಾರಾ? ಹೊಟ್ಟೆಗೆ ರಟ್ಟು ಕಟ್ಟಿ ಮಗುವನ್ನು ಟೊಮೆಟೊ ಮಾಡುವುದು ಮಾತ್ರ ನನಗೆ ಇಷ್ಟ ಇಲ್ಲ. ಪಾಪ, ಕೈ ಆಡಿಸಲೂ ಆಗುವುದಿಲ್ಲ.

ಹಾಗಾದರೆ ಶುರು ಎಲ್ಲಿಂದ? ಎಲ್ಲರೂ ಮಾಡುವುದು ಹೀಗೆ: ಮೊದಲು ಪಾತ್ರ ಇಷ್ಟಪಡುತ್ತಾರೆ, ಆಮೇಲೆ ಬಟ್ಟೆಗೆ ಅಂಗಡಿ ಅಂಗಡಿ ಅಲೆಯುತ್ತಾರೆ. ಮೊದಲ ಸಲ ಮಾಡುವವರು ಇದನ್ನು ಉಲ್ಟಾ ಮಾಡಿ ಅಂತ ನಾನು ಹೇಳುತ್ತೇನೆ. ಬೀರು ತೆಗೆಯಿರಿ. ಇರೋ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹಾಕಿ. ಅಣ್ಣನ ಹಳೇ ಶರ್ಟು, ಅಜ್ಜನ ಮಂಕಿ ಕ್ಯಾಪು, ಶಾಲೆ ಬಿಟ್ಟ ಮೇಲೂ ಉಳಿದ ಯೂನಿಫಾರ್ಮ್, ಪಾತ್ರೆಯವಳಿಗೆ ಕೊಡಬೇಕು ಅಂತ ಗಂಟು ಕಟ್ಟಿಟ್ಟ ಸೀರೆಗಳು. ಆ ಗಂಟು ತುಂಬ ಮುಖ್ಯ. ಒಂದು ಸ್ಟೀಲ್ ಡಬ್ಬಕ್ಕೆ ಅದನ್ನು ಕೊಟ್ಟುಬಿಡುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಆಮೇಲೆ ಕೇಳಿಕೊಳ್ಳಿ: ಈ ಬಟ್ಟೆ ಯಾರದು?

ಕೆಂಪು ಟೀ ಶರ್ಟ್, ಹಳದಿ ಚಡ್ಡಿ ಸಿಕ್ಕಿತಾ? ಅದು ಶಿನ್‌ಚಾನ್. ಕಾಡಿಗೆಯಲ್ಲಿ ಹುಬ್ಬನ್ನು ದಪ್ಪ ಮಾಡಿದರೆ ಮುಗಿಯಿತು. ಕೆಂಪು ಶರ್ಟು, ಮೊಣಕಾಲು ಹರಿದ ಜೀನ್ಸು ಇದೆಯಾ? ಜೀನ್ಸನ್ನು ಮೊಣಕಾಲಿಗೆ ಕತ್ತರಿಸಿ, ಶರ್ಟಿನ ಗುಂಡಿ ಬಿಚ್ಚಿ, ಹಳದಿ ದುಪ್ಪಟ್ಟಾ ಸೊಂಟಕ್ಕೆ ಸುತ್ತಿ, ಒಂದು ಹುಲ್ಲಿನ ಟೋಪಿಗೆ ಕೆಂಪು ಪಟ್ಟಿ ಕಟ್ಟಿ. ಅದು ಒನ್ ಪೀಸ್ ಕಥೆಯ ಕಡಲ್ಗಳ್ಳ ಲೂಫಿ. ಎಡಗಣ್ಣಿನ ಕೆಳಗೆ ಒಂದು ಗಾಯದ ಗುರುತು ಮರೆಯಬೇಡಿ. ಕಾಲಿಗೆ ಮಾಮೂಲಿ ಚಪ್ಪಲಿಯೇ ಸಾಕು, ಅವನೂ ಅದನ್ನೇ ಹಾಕುವುದು. ಕೆಂಪು ಬಿಳಿ ಪಟ್ಟಿಯ ಟೀ ಶರ್ಟ್, ದುಂಡು ಕನ್ನಡಕ, ಉಲ್ಲನ್ ಟೋಪಿ ಇದ್ದರೆ ವಾಲಿ, ರಾಮಾಯಣದವನಲ್ಲ, ಮಕ್ಕಳ ಚಿತ್ರಪುಸ್ತಕದವನು. ಅವನನ್ನು ಗುಂಪಿನಲ್ಲಿ ಹುಡುಕುವುದೇ ಆಟ, ಹಾಗಾಗಿ ಮೇಳದಲ್ಲಿ ನೀವು ಸುಮ್ನೆ ನಿಂತರೂ ಕೆಲಸ ಆಗುತ್ತದೆ.

ಗುರುತು ಹಿಡಿಯುವುದು ಹೇಗೆ ಅನ್ನುವುದನ್ನು ಸ್ವಲ್ಪ ನೋಡೋಣ. ಇದು ನಾಟಕದವರಿಗೆ ಗೊತ್ತಿರುವ ವಿಷಯ. ಹತ್ತು ಅಡಿ ದೂರದಿಂದ ನೋಡುವವರಿಗೆ ಹೊಲಿಗೆ ಕಾಣುವುದಿಲ್ಲ. ಅವರಿಗೆ ಮೊದಲು ಕಾಣುವುದು ಆಕಾರ. ಆಮೇಲೆ ಬಣ್ಣ. ಆಮೇಲೆ ಆ ಪಾತ್ರಕ್ಕೆ ಮಾತ್ರ ಇರುವ ಒಂದು ಗುರುತು. ಯಕ್ಷಗಾನ ನೋಡಿ. ಬಡಗುತಿಟ್ಟಿನಲ್ಲಿ ತಲೆಗೆ ಮುಂಡಾಸು ಕಟ್ಟಿದವನು ಬಂದ ಅಂದರೆ, ಅವನು ಬಾಯಿ ಬಿಡುವ ಮೊದಲೇ ವೀರನ ಪಾತ್ರ ಅಂತ ಗೊತ್ತಾಗುತ್ತದೆ. ಕಿರೀಟ ಇದ್ದರೆ ಬೇರೆ ಲೆಕ್ಕ. ಮುಂಡಾಸನ್ನು ಅಂಗಡಿಯಿಂದ ತರುವುದಿಲ್ಲ. ಆಟದ ದಿನ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕೂತು ಬಟ್ಟೆ ಸುತ್ತಿ ಸುತ್ತಿ ಕಟ್ಟುತ್ತಾರೆ. ಬೆಳಗ್ಗೆ ಬಿಚ್ಚಿದರೆ ಮತ್ತೆ ಬರೀ ಬಟ್ಟೆ.

ನಿಮ್ಮ ವೇಷಕ್ಕೂ ಒಂದು ಪರೀಕ್ಷೆ ಇದೆ. ಹಾಕಿಕೊಂಡು ಒಂದು ಫೋಟೋ ತೆಗೆಸಿ. ಮೊಬೈಲಿನಲ್ಲಿ ಅದನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಯಾರು ಅಂತ ಗೊತ್ತಾದರೆ ಸಾಕು. ಗೊತ್ತಾಗದಿದ್ದರೆ ಹೊಲಿಗೆ ಎಷ್ಟು ನೀಟಾಗಿದ್ದರೂ ಅಷ್ಟೇ.

ಈಗ ನೈಟಿಗೆ ಬರೋಣ. ಮಗಳಿಗೆ ಮಾಡಿದ್ದನ್ನೇ ತಂದಿದ್ದೇನೆ, ನೋಡಿ. ಮೊದಲು ನೈಟಿ ಆರಿಸುವುದು. ಎದೆಯ ಹತ್ತಿರ ಫ್ರಿಲ್ ಇರುವುದು ಬೇಡ. ನೆರಿಗೆ ಜಾಸ್ತಿ ಇರುವುದೂ ಬೇಡ, ಅದು ಎಷ್ಟು ಮಾಡಿದರೂ ನೈಟಿಯಾಗಿಯೇ ಕಾಣುತ್ತದೆ. ನೇರವಾಗಿ ಇಳಿಯುವ ಕಾಟನ್ ನೈಟಿ ಬೇಕು. ಉದ್ದ ಮೀನಖಂಡದ ತನಕ ಬಂದರೆ ಸರಿ. ಜಾಸ್ತಿ ಇದ್ದರೆ ಕೆಳಗೆ ಮಡಚಿ ಹೊಲಿಯಿರಿ, ಕತ್ತರಿಸಬೇಡಿ. ಮುಂದುಗಡೆ ಮಧ್ಯದಲ್ಲಿ ಮೇಲಿಂದ ಕೆಳಗಿನ ತನಕ ಕತ್ತರಿಸಿ, ಎರಡೂ ಅಂಚು ಒಳಗೆ ಮಡಚಿ, ಟಿಚ್ ಬಟನ್ ಹಾಕಿ. ಹೊಲಿಗೆ ಯಂತ್ರ ಇಲ್ಲದವರು ಕೈಯಲ್ಲೇ ಹೆಮ್ಮಿಂಗ್ ಮಾಡಬಹುದು. ಸೀರೆಗೆ ಫಾಲ್ ಹೊಲಿದು ಗೊತ್ತಿರುವವರಿಗೆ ಇದೇನೂ ಕಷ್ಟ ಅಲ್ಲ.

ಕಾಲರ್ ಇಲ್ಲಿ ಆಕಾರ ಕೊಡುವ ಭಾಗ. ಅದು ಗಲ್ಲದ ತನಕ ನಿಂತಿರಬೇಕು. ಬಟ್ಟೆ ಒಂದನ್ನೇ ಹೊಲಿದರೆ ಅರ್ಧ ಗಂಟೆಯಲ್ಲಿ ಮಲಗಿಬಿಡುತ್ತದೆ. ಟೈಲರ್ ಅಂಗಡಿಯಲ್ಲಿ ಬಕ್ರಂ ಅನ್ನುವ ಗಟ್ಟಿ ಬಟ್ಟೆ ಕೇಳಿ, ಕೊಡುತ್ತಾರೆ. ಅದೂ ಬೇಡ ಅಂದರೆ ಹಳೇ ಪ್ಲಾಸ್ಟಿಕ್ ಫೈಲಿನ ರಟ್ಟನ್ನು ಪಟ್ಟಿಯಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಎರಡು ಪದರ ಕಪ್ಪು ಬಟ್ಟೆಯ ನಡುವೆ ಸೇರಿಸಿ. ಮೂಲೆ ದುಂಡಗೆ ಮಾಡದಿದ್ದರೆ ಕುತ್ತಿಗೆ ಗೀರುತ್ತದೆ. ಒಗೆಯುವಾಗ ಪಟ್ಟಿ ಹೊರಗೆ ಬರುವ ಹಾಗೆ ಒಂದು ಕಡೆ ಬಾಯಿ ಬಿಟ್ಟಿರಿ.

ಮೋಡಕ್ಕೆ ಹಳೇ ಕೆಂಪು ಲಂಗ ಸಾಕು. ನ್ಯೂಸ್ ಪೇಪರ್ ಮೇಲೆ ಮೋಡ ಬರೆದು ಕತ್ತರಿಸಿ. ಒಂದು ಗೇಣಿಗಿಂತ ದೊಡ್ಡದೇ ಇರಲಿ, ಚಿಕ್ಕ ಮೋಡ ದೂರಕ್ಕೆ ಚುಕ್ಕೆಯ ಹಾಗೆ ಕಾಣುತ್ತದೆ. ಆ ಮೋಡಗಳಿಗೆ ಬಿಳಿ ಅಂಚು ಇರುತ್ತದೆ, ಗಮನಿಸಿದ್ದೀರಾ? ಅದನ್ನು ಬಣ್ಣದಲ್ಲಿ ಬರೆಯಲು ಹೋದರೆ ಕೈ ನಡುಗುತ್ತದೆ. ಅದರ ಬದಲು ಬಿಳಿ ಬಟ್ಟೆಯಲ್ಲಿ ಅರ್ಧ ಇಂಚು ದೊಡ್ಡದಾಗಿ ಅದೇ ಮೋಡ ಕತ್ತರಿಸಿ. ಬಿಳಿ ಕೆಳಗೆ, ಕೆಂಪು ಮೇಲೆ. ಎರಡನ್ನೂ ಸೇರಿಸಿ ಸುತ್ತ ಕೈಹೊಲಿಗೆ ಹಾಕಿ. ಬಿಳಿ ಅಂಚು ತಾನಾಗೇ ಬರುತ್ತದೆ. ಕೆಂಪು ಬಟ್ಟೆಯನ್ನು ಮೊದಲೇ ಒಂದು ಸಲ ಒಗೆದು ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ಬಿಟ್ಟರೆ ಮೋಡದ ಅಂಚು ಗುಲಾಬಿ ಆಗಿಬಿಡುತ್ತದೆ.

ಇನ್ನೊಂದು ಬಟ್ಟೆ ತೋರಿಸುತ್ತೇನೆ. ಇದರ ಬಗ್ಗೆ ಮಾತಾಡುವುದಕ್ಕೇ ನಾನು ಬಂದದ್ದು ಅಂದರೂ ತಪ್ಪಿಲ್ಲ. ಜಪಾನಿನ ಹಾವೊರಿ ಅಂತ ಒಂದು ಮೇಲಂಗಿ ಇದೆ. ಅಲ್ಲಿನವರು ಸುತ್ತಿ ಉಡುವ ನಿಲುವಂಗಿ ಕಿಮೊನೊ, ಅದರ ಮೇಲೆ ಹಾಕಿಕೊಳ್ಳುವುದು, ಮುಂದೆ ತೆರೆದಿರುತ್ತದೆ. ಡೀಮನ್ ಸ್ಲೇಯರ್ ಕಾರ್ಟೂನಿನಲ್ಲಿ ರಾಕ್ಷಸರನ್ನು ಬೇಟೆಯಾಡುವ ತಂಜಿರೊ ಅನ್ನುವ ಹುಡುಗ ಹಾಕುವುದು ಇದನ್ನೇ, ಹಸಿರು ಕಪ್ಪು ಚೌಕಳಿಯದ್ದು. ಕಿಮೊನೊ ಜಾತಿಯ ಬಟ್ಟೆಗಳ ಚೆಂದ ಏನು ಅಂದರೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನೇರ ಪಟ್ಟಿ. ಬ್ಲೌಸಿನ ಹಾಗೆ ಕಂಕುಳಿಗೆ ಒಂದು ಬಳುಕು, ಎದೆಗೆ ಒಂದು ಡಾಟ್, ಅದೆಲ್ಲ ಇಲ್ಲ. ಆಯತಗಳನ್ನು ಕತ್ತರಿಸಿ ಸೇರಿಸುವುದು ಅಷ್ಟೇ. ಬ್ಲೌಸ್ ಹೊಲಿಯಲು ಬಾರದವರೂ ಹಾವೊರಿ ಹೊಲಿಯಬಹುದು.

ನಮ್ಮ ಕಾಟನ್ ಸೀರೆ ಇದಕ್ಕೆ ಹೇಳಿ ಮಾಡಿಸಿದ ಬಟ್ಟೆ. ಲೆಕ್ಕ ನೋಡಿ. ಸೀರೆಯ ಪನ್ನ, ಅಂದರೆ ಅಗಲ, ಸುಮಾರು 45 ಇಂಚು. ಅದರಲ್ಲಿ 72 ಇಂಚು ಉದ್ದ, ಅಂದರೆ ಎರಡು ಗಜ, ಕತ್ತರಿಸಿಕೊಳ್ಳಿ. ಅದನ್ನು ಉದ್ದಕ್ಕೆ 15 ಇಂಚಿನ ಮೂರು ಪಟ್ಟಿ ಮಾಡಿ. ಎರಡು ಪಟ್ಟಿ ಮೈಗೆ. ಒಂದೊಂದು ಪಟ್ಟಿಯೂ ಭುಜದ ಮೇಲಿಂದ ಹಾದು ಮುಂದೆ 36 ಇಂಚು, ಹಿಂದೆ 36 ಇಂಚು ಇಳಿಯುತ್ತದೆ. ಹಿಂದಿನ ಭಾಗದಲ್ಲಿ ಎರಡನ್ನೂ ಬೆನ್ನಿನ ಮಧ್ಯಕ್ಕೆ ಕೂಡಿಸಿ ಹೊಲಿಯಿರಿ. ಮುಂದೆ ಹಾಗೇ ಬಿಡಿ. ಮೂರನೆಯ ಪಟ್ಟಿಯನ್ನು ಮಧ್ಯಕ್ಕೆ ಕತ್ತರಿಸಿದರೆ 36 ಇಂಚಿನ ಎರಡು ತುಂಡು. ಅವೇ ತೋಳು. ಮಡಚಿದರೆ 18 ಇಂಚು ಜೋತುಬೀಳುವ ಅಗಲವಾದ ತೋಳು ಸಿಗುತ್ತದೆ. ತೋಳು ಕೂಡಿಸಿ, ಅದರ ತಳ ಮತ್ತು ಪಕ್ಕ ಹೊಲಿದರೆ ಅಂಗಿಯ ರೂಪ ಬಂತು. ಕುತ್ತಿಗೆಗೆ ಮಡಿಕೆಯ ಮೇಲೆ ಮಧ್ಯದಿಂದ ಎಡಕ್ಕೆ ಮೂರು ಇಂಚು, ಬಲಕ್ಕೆ ಮೂರು ಇಂಚು ಕತ್ತರಿಸಿ. ಅಲ್ಲಿಂದ ಮುಂದಿನ ಅಂಚನ್ನು ಓರೆಯಾಗಿ ಒಳಗೆ ಮಡಚಿ. ಉಳಿದ ಸೀರೆಯಿಂದ ಐದು ಇಂಚು ಅಗಲದ ಉದ್ದನೆಯ ಪಟ್ಟಿ ತೆಗೆದು, ಎರಡು ಮಡಿಕೆ ಮಾಡಿ, ಒಂದು ಕಡೆಯ ತುದಿಯಿಂದ ಕುತ್ತಿಗೆ ಸುತ್ತಿ ಇನ್ನೊಂದು ಕಡೆಯ ತುದಿ ತನಕ ಹೊಲಿಯಿರಿ. ಐದೂವರೆ ಮೀಟರ್ ಸೀರೆಯಲ್ಲಿ ಇಷ್ಟಾದ ಮೇಲೂ ಇನ್ನೊಬ್ಬರಿಗೆ ಹೊಲಿಯುವಷ್ಟು ಉಳಿಯುತ್ತದೆ.

ಮಕ್ಕಳಿಗಾದರೆ ಅಳತೆ ಕಮ್ಮಿ ಮಾಡಿಕೊಳ್ಳಿ. ಮೊದಲ ಸಲ ಹೊಲಿಯುವವರು ಹಳೇ ಬೆಡ್‌ಶೀಟಿನಲ್ಲಿ ಹೊಲಿದು ನೋಡಿ, ಆಮೇಲೆ ಸೀರೆಗೆ ಕತ್ತರಿ ಹಾಕಿ. ಮತ್ತೆ, ಸೀರೆ ಯಾರದು ಅಂತ ಕೇಳಿಕೊಂಡು ಕತ್ತರಿಸಿ! ಮಾಸಿದ ಸೀರೆ ಅಂತ ನಿಮಗನ್ನಿಸಬಹುದು. ಅದು ಅಮ್ಮ ಮೊದಲ ಸಂಬಳದಲ್ಲಿ ತಗೊಂಡದ್ದಾಗಿದ್ದರೆ ಮನೆಯಲ್ಲಿ ನಿಜವಾದ ರಾಕ್ಷಸ ಸಂಹಾರವೇ ಆಗುತ್ತದೆ.

ಚೌಕಳಿ ಹಾಕುವುದಕ್ಕೂ ಒಂದು ಉಪಾಯ ಇದೆ. ಹಸಿರು ಸೀರೆಯನ್ನೇ ತೆಗೆದುಕೊಂಡರೆ ಕಪ್ಪು ಚೌಕ ಮಾತ್ರ ಹಾಕಿದರೆ ಸಾಕು, ಅರ್ಧ ಕೆಲಸ ಉಳಿಯಿತು. ಫೈಲಿನ ರಟ್ಟಿನಲ್ಲಿ ಮೂರು ಇಂಚಿನ ಚೌಕ ಕತ್ತರಿಸಿ ಅದನ್ನೇ ಅಚ್ಚು ಮಾಡಿಕೊಳ್ಳಿ. ಮೊದಲು ಬೆನ್ನಿನ ಹೊಲಿಗೆ ಹಾಕಿ, ಆ ಹೊಲಿಗೆಯಿಂದಲೇ ಚೌಕ ಎಣಿಸಲು ಶುರು ಮಾಡಿ. ಬಣ್ಣ ಹಾಕಿ ಆಮೇಲೆ ಹೊಲಿದರೆ ಬೆನ್ನಿನ ಮೇಲೆ ಚೌಕಗಳು ಸೊಟ್ಟ ಸೇರುತ್ತವೆ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಪೋಸ್ಟರ್ ಕಲರ್ ಬೇಡವೇ ಬೇಡ. ಬೆವರಿಗೇ ಕರಗುತ್ತದೆ. ಬಟ್ಟೆಗೆ ಹಾಕುವ ಬಣ್ಣ ತನ್ನಿ, ಕೆಳಗೆ ನ್ಯೂಸ್ ಪೇಪರ್ ಹಾಸಿ, ಒಂದು ದಿನ ಪೂರ್ತಿ ಒಣಗಿಸಿ, ಉಲ್ಟಾ ಕಡೆಯಿಂದ ಇಸ್ತ್ರಿ ಮಾಡಿ.

ಈ ಚೌಕಳಿಗೂ ರಂಗಭೂಮಿಯ ನಂಟಿದೆ ಅನ್ನುವುದು ನನಗೆ ಖುಷಿ ಕೊಟ್ಟ ವಿಷಯ. 18ನೇ ಶತಮಾನದಲ್ಲಿ ಸನೊಗಾವಾ ಇಚಿಮಾತ್ಸು ಅನ್ನುವ, ಜಪಾನಿನ ಕಬುಕಿ ನಾಟಕದ ನಟ ಈ ಚೌಕಳಿಯ ಬಟ್ಟೆ ಹಾಕಿಕೊಂಡು ರಂಗಕ್ಕೆ ಬಂದ. ನೋಡಿದ ಜನ ಮರುಳಾದರು, ಊರೆಲ್ಲ ಅದೇ ಬಟ್ಟೆ ಆಯಿತು. ಇವತ್ತಿಗೂ ಜಪಾನಿನಲ್ಲಿ ಆ ವಿನ್ಯಾಸವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ನಟ ಹಾಕಿದ ಬಟ್ಟೆ ಹೊಲಿಸಿಕೊಳ್ಳುವ ಹುಚ್ಚು ನಮ್ಮೂರಿನದು ಮಾತ್ರ ಅಲ್ಲ ಅಂತಾಯಿತು.

ಒಂದು ಮಾತು ನೆನಪಿಡಿ. ಒಳಗೆ ಕಿಮೊನೊ ರೀತಿಯ ಬಟ್ಟೆ ಹಾಕುವುದಾದರೆ ಹಾಕಿಕೊಂಡವರ ಎಡಗಡೆಯದು ಮೇಲೆ ಬರಬೇಕು. ಬಲಗಡೆಯದನ್ನು ಮೇಲೆ ಮಾಡಿ ಸುತ್ತುವುದು ಹೆಣಕ್ಕೆ. ಗಂಡಾದರೂ ಹೆಣ್ಣಾದರೂ ಒಂದೇ ನಿಯಮ. ಕನ್ನಡಿಯಲ್ಲಿ, ಸೆಲ್ಫಿಯಲ್ಲಿ ಇದು ಉಲ್ಟಾ ಕಾಣುವುದರಿಂದ ಎಷ್ಟೋ ಜನ ಎಡವುತ್ತಾರೆ. ಇನ್ನೊಬ್ಬರ ಬಟ್ಟೆ ಹಾಕಿಕೊಳ್ಳುವಾಗ ಅವರಿಗೆ ಅಪಶಕುನವಾದದ್ದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಬಟ್ಟೆಯ ಜಾತಿ ಗೊತ್ತಿರಬೇಕು. ಸಂಶಯ ಇದ್ದರೆ ಒಂದು ಎಳೆ ಕಿತ್ತು, ದೊಡ್ಡವರು ಜೊತೆಯಲ್ಲಿದ್ದಾಗ, ಸಿಂಕ್ ಹತ್ತಿರ ಸುಟ್ಟು ನೋಡಿ. ಕಾಟನ್ ಕಾಗದದ ಹಾಗೆ ಉರಿದು ಬೂದಿ ಆಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ಮನೆಯಲ್ಲಿ ಬಣ್ಣದ ನೀರಿಗೆ ಅದ್ದುವ ಯೋಚನೆ ಇದ್ದರೆ ಕಾಟನ್ ಮಾತ್ರ ಸರಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಬಣ್ಣ ಪಾಲಿಯೆಸ್ಟರ್‌ಗೆ ಹಿಡಿಯುವುದಿಲ್ಲ. ಬಿಳಿ ಕಾಟನ್ ಹಳೆಯದಾಗಿ, ಮಾಸಿದ ಹಾಗೆ ಕಾಣಬೇಕಾದರೆ ಕಡು ಟೀ ಡಿಕಾಕ್ಷನ್‌ನಲ್ಲಿ ನೆನೆಸಿ. ಹಾಲು ಹಾಕಬೇಡಿ ಅಂತ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಬೂಟಿಗೆ ದುಡ್ಡು ಹಾಕಬೇಡಿ. ಹಳೇ ಲೆಗಿಂಗ್ಸ್ ಕಾಲನ್ನು ಕತ್ತರಿಸಿ ಇರುವ ಶೂ ಮೇಲೆಯೇ ಎಳೆದುಕೊಂಡರೆ ಮೊಣಕಾಲುದ್ದದ ಬೂಟು. ಕತ್ತಿ, ಗುರಾಣಿಗೆ ಕೊರಿಯರ್ ಡಬ್ಬದ ರಟ್ಟು. ಎರಡು ಪದರ ಅಂಟಿಸುವಾಗ ಒಂದರ ಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇರಲಿ, ಬಾಗುವುದಿಲ್ಲ. ಮಕ್ಕಳ ಕೋಣೆಯಲ್ಲಿ ನೆಲಕ್ಕೆ ಜೋಡಿಸುವ ಬಣ್ಣದ ಫೋಮ್ ಚೌಕಗಳಿವೆಯಲ್ಲ, ದೊಡ್ಡ ದೊಡ್ಡ ಕವಚ ಮಾಡುವವರು ಬಳಸುವುದೂ ಆ ಜಾತಿಯ ಫೋಮನ್ನೇ. ಥರ್ಮೋಕೋಲ್ ಹತ್ತಿರ ಬಿಸಿ ಅಂಟಿನ ಗನ್ ತರಬೇಡಿ, ಕರಗಿ ತೂತಾಗುತ್ತದೆ. ಸ್ಪ್ರೇ ಪೇಂಟಿಗೂ ಅದೇ ಗತಿ.

ಈಗ ಹೊಲಿಗೆಯೇ ಬೇಡದ ಒಂದು ವೇಷ ಹೇಳುತ್ತೇನೆ. ಡೆತ್ ನೋಟ್ ಕಥೆಯಲ್ಲಿ ಎಲ್ ಅನ್ನುವ ಪತ್ತೇದಾರ ಬರುತ್ತಾನೆ. ಬಿಳಿ ತುಂಬುತೋಳಿನ ಟೀ ಶರ್ಟ್, ನೀಲಿ ಜೀನ್ಸ್, ಬರಿಗಾಲು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಬಾಚದ ಕಪ್ಪು ಕೂದಲು. ನಮ್ಮ ಹಾಸ್ಟೆಲ್ ಹುಡುಗರು ಪರೀಕ್ಷೆ ಹೊತ್ತಿಗೆ ಇರುವುದೇ ಹೀಗೆ. ಹಾಗಾದರೆ ಜನ ಅವನನ್ನು ಹೇಗೆ ಗುರುತಿಸುತ್ತಾರೆ? ಕೂರುವ ರೀತಿಯಿಂದ. ಕುರ್ಚಿಯ ಮೇಲೆ ಕಾಲು ಮಡಚಿ ಕುಕ್ಕರುಗಾಲಲ್ಲಿ ಕೂರುತ್ತಾನೆ. ಹೆಬ್ಬೆರಳು ತುಟಿಗೆ. ಫೋನ್ ಹಿಡಿದರೂ ಎರಡೇ ಬೆರಳಲ್ಲಿ, ಕೊಳಕು ಬಟ್ಟೆ ಎತ್ತಿದ ಹಾಗೆ. ಬೆನ್ನು ಬಾಗಿಸಿ ನಡೆಯುತ್ತಾನೆ. ಇದನ್ನೆಲ್ಲ ಕನ್ನಡಿ ಮುಂದೆ ಅಭ್ಯಾಸ ಮಾಡಿದವನಿಗೆ ಯಾವ ಟೈಲರೂ ಬೇಡ. ನಾಟಕದಲ್ಲೂ ಅಷ್ಟೇ. ರೇಷ್ಮೆ ಅಂಗಿ ಹಾಕಿ ಗುಬ್ಬಚ್ಚಿಯ ಹಾಗೆ ನಿಂತ ರಾಜರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಥಾಯ್ಲೆಂಡಿನ ಅನುಚಾ ಸೇಂಗ್‌ಚಾರ್ತ್ ಅವರ ಹೆಸರು ಕೇಳಿರಬಹುದು. ಲೋಕಾಸ್ಟ್ ಕಾಸ್‌ಪ್ಲೇ ಅಂತಲೇ ಅವರ ಪುಟ ಹೆಸರಾಗಿದೆ. ಟವೆಲ್ಲು, ಬಕೆಟ್ಟು, ತರಕಾರಿ, ಅಡುಗೆ ಮನೆ ಸಾಮಾನು, ಇವೇ ಅವರ ಬಂಡವಾಳ. ಕ್ಯಾಮೆರಾ ಎಲ್ಲಿಟ್ಟರೆ ಯಾವುದು ಏನಾಗಿ ಕಾಣುತ್ತದೆ ಅನ್ನುವುದನ್ನು ಅವರು ಚೆನ್ನಾಗಿ ಬಲ್ಲರು. ನೋಡಿ ನಗು ಬರುತ್ತದೆ. ನಕ್ಕ ಮೇಲೆ ಎಷ್ಟು ಸರಿಯಾಗಿ ಆರಿಸಿದ್ದಾರೆ ಅಂತ ಆಶ್ಚರ್ಯ ಆಗುತ್ತದೆ. ಮೇಳಕ್ಕೆ ಹೋಗಲಾಗದವರು ಹೀಗೆ ಮನೆಯ ಟೆರೇಸಿನಲ್ಲೇ ಫೋಟೋ ತೆಗೆದುಕೊಂಡರೂ ಅದು ಕಾಸ್‌ಪ್ಲೇನೇ.

ಹುಡುಗಿಯರು ಕೆಲವರು ನನ್ನನ್ನು ಕೇಳಿದ್ದಾರೆ, ಆಂಟೀ, ಆ ಪಾತ್ರ ಬೆಳ್ಳಗಿದೆ, ನಾನು ಹಾಕಿದರೆ ಚೆನ್ನಾಗಿ ಕಾಣುತ್ತಾ ಅಂತ. ಕಾಣುತ್ತೆ. ಪೌಡರ್ ಬಳಿದುಕೊಳ್ಳಬೇಡಿ. ಯಾರ ಮೈಬಣ್ಣವನ್ನೂ ನಕಲು ಮಾಡಬೇಕಾಗಿಲ್ಲ, ಬಟ್ಟೆಯ ಬಣ್ಣ ಸರಿ ಇದ್ದರೆ ಆಯಿತು. ಕೂದಲಿನ ವಿಷಯಕ್ಕೆ ಬಂದರೆ, ಕಪ್ಪು ಕೂದಲಿನ ಪಾತ್ರಗಳೇ ಬೇಕಾದಷ್ಟಿವೆ. ವಿಗ್ಗಿನ ದುಡ್ಡೂ ಉಳಿಯುತ್ತದೆ, ತಲೆ ತುರಿಕೆಯೂ ತಪ್ಪುತ್ತದೆ.

ಕೊನೆಗೆ ಒಂದು ವಿಷಯ, ಇದನ್ನು ಹುಡುಗರೂ ಕೇಳಿಸಿಕೊಳ್ಳಬೇಕು. ವೇಷ ಹಾಕಿದವರನ್ನು ಮುಟ್ಟುವ ಮೊದಲು, ಫೋಟೋ ತೆಗೆಯುವ ಮೊದಲು ಕೇಳಬೇಕು. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನಲ್ಲಿ, ಕಾಸ್‌ಪ್ಲೇ ಮಾಡಿದ್ದಾರೆ ಅಂದರೆ ಒಪ್ಪಿಗೆ ಕೊಟ್ಟಿದ್ದಾರೆ ಅಂತಲ್ಲ ಅಂತ ದೊಡ್ಡ ಬೋರ್ಡುಗಳನ್ನೇ ಹಾಕಿದರು. ಹಾಕಬೇಕಾಗಿ ಬಂತು ಅಂದರೆ ಎಷ್ಟು ಜನ ಸತಾಯಿಸಿರಬೇಕು ಯೋಚಿಸಿ. ಬೋರ್ಡು ಇಲ್ಲದ ಕಡೆಯೂ ಇದು ಗೊತ್ತಿರಲಿ.

ಇನ್ನು ನಿಮ್ಮ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಅಜ್ಜಿ ಒಬ್ಬರು ಕೇಳಿದರು: “ಮಗಾ, ಎಲ್ಲ ಹುಡುಗರಿಗೇ ಹೇಳ್ದೆ. ನಮ್ಮಂಥೋರಿಗೆ ಏನಿದೆ?”

ನಿಮಗೆ ಜಾಸ್ತಿ ಇದೆ ಅಮ್ಮಾ. ಈಗ ನೀವು ಉಟ್ಟಿರುವ ಹಸಿರು ಸೀರೆಯಲ್ಲೇ, ಕೂದಲು ಬಿಗಿಯಾಗಿ ತುರುಬು ಕಟ್ಟಿ, ಚೌಕ ಕನ್ನಡಕ ಇಟ್ಟು, ಒಂದು ಚೂಪು ಟೋಪಿ ಹಾಕಿದರೆ ಹ್ಯಾರಿ ಪಾಟರ್ ಕಥೆಯ ಪ್ರೊಫೆಸರ್ ಮೆಕ್‌ಗೊನಾಗಲ್. ಮಂತ್ರವಿದ್ಯೆ ಹೇಳಿಕೊಡುವ ಟೀಚರ್, ತುಂಬ ಸ್ಟ್ರಿಕ್ಟು. ಪಕ್ಕದಲ್ಲಿ ಕೂತ ಮೊಮ್ಮಗಳು ತಲೆ ಆಡಿಸುತ್ತಿದ್ದಾಳೆ ನೋಡಿ. ಸೀರೆಯಲ್ಲೇ ಪಾತ್ರ ಮಾಡುವವರು ನಮ್ಮ ದೇಶದಲ್ಲಿ ಎಷ್ಟೋ ಜನ ಇದ್ದಾರೆ. ನೀಲಿ ಸೀರೆ, ಕೆಂಪು ಬ್ಲೌಸು, ಮದುವೆಗೆ ಹಾಕುವ ಡಾಬು, ಕೈಗೆ ಅಗಲವಾದ ಬೆಳ್ಳಿ ಬಣ್ಣದ ಕಡಗ, ಹಣೆಗೆ ಚಿನ್ನದ ಬಣ್ಣದ ರಟ್ಟಿನ ಪಟ್ಟಿ, ಅದರ ಮೇಲೆ ಒಂದು ಕೆಂಪು ನಕ್ಷತ್ರ. ವಂಡರ್ ವುಮನ್ ತಯಾರು. ಒಂದು ಹೊಲಿಗೆಯೂ ಹಾಕಬೇಕಾಗಿಲ್ಲ. ಡಾಬು ಚಿನ್ನದ್ದಾದರೆ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.

ಒಬ್ಬ ತಾಯಿ ಕೇಳಿದರು: “ಬಾಡಿಗೆಗೆ ತಂದರೆ ಸುಲಭ ಅಲ್ವಾ ಮೇಡಂ? ಹೊಲಿಯುವುದಕ್ಕೆ ಪುರುಸೊತ್ತು ಎಲ್ಲಿ?”

ಸುಲಭವೇ. ರಾಣಿ, ರಾಜ, ಕೃಷ್ಣ ಬೇಕಾದರೆ ಬಾಡಿಗೆ ಅಂಗಡಿಯಲ್ಲಿ ಚೆನ್ನಾಗಿ ಸಿಗುತ್ತವೆ. ಮಗು ಕೇಳುವ ಪಾತ್ರ ಅಲ್ಲಿ ಇರುವುದಿಲ್ಲ, ತೊಂದರೆ ಅಷ್ಟೇ. ಇದ್ದರೂ ಹತ್ತು ಕಡೆ ಸೇಫ್ಟಿ ಪಿನ್ ಹಾಕಿ ಕೊಡುತ್ತಾರೆ. ಪುರುಸೊತ್ತು ಇಲ್ಲದಿದ್ದರೆ ಶಿನ್‌ಚಾನ್ ಮಾಡಿ ಕಳಿಸಿ. ಹತ್ತು ನಿಮಿಷದ ಕೆಲಸ. ಹೊಲಿಗೆಯನ್ನು ಮಗುವಿಗೇ ಕಲಿಸುವುದು ಇನ್ನೂ ಒಳ್ಳೆಯದು. ಎಂಟು ಹತ್ತು ವರ್ಷದ ಮಗು ಗುಂಡಿ ಹಚ್ಚಬಲ್ಲದು. ಗಂಡು ಮಕ್ಕಳೂ ಹಚ್ಚಬಲ್ಲರು, ನಾನು ನೋಡಿದ್ದೇನೆ.

ಮಂಗಳೂರಿನಿಂದ ಬಂದಿದ್ದ ಒಬ್ಬರಿಗೆ ಸೆಕೆಯ ಚಿಂತೆ. ಕಪ್ಪು ನಿಲುವಂಗಿ ಹಾಕಿ ಅಲ್ಲಿ ನಿಲ್ಲಲು ಆಗುತ್ತದಾ ಅಂದರು. ಕಷ್ಟವೇ. ಒಳಗೆ ತೆಳ್ಳನೆಯ ಕಾಟನ್ ಬನಿಯನ್ ಹಾಕಿ, ನಿಲುವಂಗಿಗೆ ಲೈನಿಂಗ್ ಕೊಡಬೇಡಿ. ಇಲ್ಲ ಅಂದರೆ ಲೂಫಿ ಆಗಿ. ಅವನ ಕಥೆ ನಡೆಯುವುದೇ ಸಮುದ್ರದ ಮೇಲೆ, ಬಟ್ಟೆಯೂ ಅಷ್ಟೇ ಹಗುರ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗನದು: “ಆಂಟೀ, ಬೆಂಗಳೂರಿಗೆ ಹೋಗುವಾಗ ಮೆಟ್ರೋದಲ್ಲಿ ಕತ್ತಿ ಬಿಡ್ತಾರಾ?”

ಮೆಟ್ರೋ ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ. ಕತ್ತಿ ಹಿಡಿದುಕೊಂಡು ಹೋದರೆ ರಟ್ಟಿನದ್ದು ಅಂತ ಅವರಿಗೆ ವಿವರಿಸುತ್ತಾ ನಿಲ್ಲಬೇಕಾಗುತ್ತದೆ, ಹಿಂದೆ ಸಾಲು ಬೆಳೆಯುತ್ತದೆ. ಕತ್ತಿಯನ್ನು ಹಿಡಿ ಬೇರೆ, ಅಲಗು ಬೇರೆ ಬರುವ ಹಾಗೆ ಎರಡು ತುಂಡಾಗಿ ಮಾಡು. ಬ್ಯಾಗಿನಲ್ಲಿ ಮಡಚಿದ ಬಟ್ಟೆಯ ನಡುವೆ ಇಡು. ಕೇಳಿದರೆ ತೆಗೆದು ತೋರಿಸು. ಕಬ್ಬಿಣ, ಸ್ಟೀಲು, ಚೂಪು ತುದಿ ಇರಲೇಬಾರದು. ಮೇಳದ ಬಾಗಿಲಲ್ಲೂ ಕತ್ತಿ ಕೋವಿಗಳನ್ನು ನೋಡಿಯೇ ಒಳಗೆ ಬಿಡುವುದು. ನಿಲುವಂಗಿಯನ್ನು ಮನೆಯಿಂದಲೇ ಹಾಕಿಕೊಂಡು ಹೋಗಬೇಡ, ಎಸ್ಕಲೇಟರಿನಲ್ಲಿ ಅಂಚು ಸಿಕ್ಕಿಕೊಂಡರೆ ಅಪಾಯ. ಅಲ್ಲಿ ಹೋಗಿ ಹಾಕಿಕೋ. ಮತ್ತೆ, ಬ್ಯಾಗಿನಲ್ಲಿ ಸೂಜಿ, ಕಪ್ಪು ದಾರ, ನಾಲ್ಕು ಸೇಫ್ಟಿ ಪಿನ್ ಇಟ್ಟುಕೊಂಡಿರು. ನಿನಗೆ ಬೇಕಾಗದಿದ್ದರೆ ಪಕ್ಕದವರಿಗೆ ಬೇಕಾಗುತ್ತದೆ.